ನಿಲ್ಸ್‌ಗೆ ನಾನು ಕಟ್ಟಿದ ಎರಡನೇ ಹೆಂಡತಿ

ಕಳೆದ ಯುಗಾದಿಗೆ ಕನ್ನಡದವರೆಲ್ಲ ಸ್ಟಾಕ್‌ಹೋಮಿನಲ್ಲಿ ಸೇರಿದ್ದಾಗ ಅಶ್ವಿನಿ ಎಂಬ ಹುಡುಗಿ ಒಬ್ಬಟ್ಟಿನ ತಟ್ಟೆ ಹಿಡಿದು ನನ್ನ ಪಕ್ಕ ಬಂದು ಕೂತಳು. ಅಲ್ಲಿಯ ಕಿಸ್ಟಾದ ಟೆಲಿಕಾಂ ಕೆಲಸ ಬಿಟ್ಟು ಉತ್ತರದ ಉಮೆಯೊ ಊರಿಗೆ, ಅದೂ ನಾನು ನಿವೃತ್ತಳಾದ ಅದೇ ದಾಖಲೆ ಕಚೇರಿಗೆ, ಸೇರಲು ಹೊರಟಿದ್ದಳು.

“ಆಂಟಿ, ಇಪ್ಪತ್ತೇಳು ವರ್ಷ ಅಲ್ಲಿ ಆಕ್ಚುಲಿ ಏನ್ ಮಾಡ್ತಿದ್ರಿ? ಎರಡು ಲಿಸ್ಟ್ ಮ್ಯಾಚ್ ಮಾಡೋದು ತಾನೆ? ಒಂದು ಸ್ಕ್ರಿಪ್ಟ್ ಓಡಿಸಿದ್ರೆ ಆಯ್ತಲ್ವಾ?”

ಅವಳ ಪ್ರಶ್ನೆಯಲ್ಲಿ ಕೊಂಕು ಇರಲಿಲ್ಲ. ಆದರೂ ನನಗೆ ಸಿಟ್ಟು ಬಂತು. ಹಬ್ಬದ ದಿನ ಬೇಡ ಎಂದು ಒಬ್ಬಟ್ಟಿನ ಜೊತೆ ಸಿಟ್ಟನ್ನೂ ನುಂಗಿದೆ. ಅಂದು ಕೊಡದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಯಾವ ವರ್ಷ ನನಗೆ ಯಾವ ಹುದ್ದೆ ಸಿಕ್ಕಿತು ಎಂಬುದು ಇದರಲ್ಲಿಲ್ಲ. ಅದು ನನಗೇ ಸರಿಯಾಗಿ ನೆನಪಿಲ್ಲ. ಮಾಡಿದ ತಪ್ಪುಗಳು ಮಾತ್ರ ಒಂದೊಂದೂ ನೆನಪಿವೆ.

ಕೆಲಸ ಹೇಳಲು ಸುಲಭ. ಇವತ್ತು ಸ್ವೀಡನ್ನಿನಲ್ಲಿ ಹುಟ್ಟಿದ ಕೂಸಿಗೂ ಒಂದು ಪೆರ್ಸೂನ್‌ನುಮ್ಮರ್ ಇರುತ್ತದೆ. ಆಸ್ಪತ್ರೆ, ಶಾಲೆ, ಬ್ಯಾಂಕು, ಸಾವು, ಎಲ್ಲಿ ಹೋದರೂ ಆ ಸಂಖ್ಯೆ ಜೊತೆಗೆ ಬರುತ್ತದೆ. ನೂರಿಪ್ಪತ್ತು ವರ್ಷದ ಹಿಂದೆ ಅದಿರಲಿಲ್ಲ. ಆಗ ಉತ್ತರ ಅಮೆರಿಕದ ತುದಿಯಲ್ಲಿ, ಕ್ಲಾಂಡೈಕ್ ಎಂಬ ಹೊಳೆಯ ಮರಳಿನಲ್ಲಿ ಚಿನ್ನ ಸಿಕ್ಕಿತೆಂದು ಜಗತ್ತೇ ಅತ್ತ ಓಡಿತು. ಸ್ವೀಡನ್ನಿನ ಉತ್ತರದ ಬಡ ಹಳ್ಳಿಗಳಿಂದಲೂ ಜನ ಹೋದರು. ಹೊರಡುವ ಮುಂಚಿನ ಅವರ ಬದುಕು ಇಲ್ಲಿನ ಚರ್ಚಿನ ಪಾದ್ರಿಯ ಪುಸ್ತಕದಲ್ಲಿದೆ. ಹೋದ ಮೇಲಿನದು ಅಲ್ಲಿನ ಜನಗಣತಿಯ ಹಾಳೆಯಲ್ಲಿದೆ. ಈ ಪುಸ್ತಕದ ನಿಲ್ಸ್, ಆ ಹಾಳೆಯ ನಿಲ್ಸ್, ಇಬ್ಬರೂ ಒಬ್ಬನೇ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ನಮ್ಮ ಕೆಲಸ. ಯಾರು ಹೋದರು, ಹಿರಿಮಗನೋ ಕಿರಿಮಗನೋ, ಎಷ್ಟು ಜನ ಮರಳಿದರು ಎಂಬ ಸಂಶೋಧಕರ ದೊಡ್ಡ ದೊಡ್ಡ ಮಾತೆಲ್ಲ ನಿಂತಿರುವುದು ಈ ಸಣ್ಣ ತೀರ್ಮಾನದ ಮೇಲೆ.

ನಾನು ಕುಂದಾಪುರದ ಕಡೆಯವಳು. ಗಂಡನಿಗೆ ಉಮೆಯೊದಲ್ಲಿ ಕೆಲಸ ಸಿಕ್ಕಿತೆಂದು ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ. ಕಟ್ಟಿಕೊಂಡು ಬಂದೆ. ಜಲಜಾ ಎಂಬ ನನ್ನ ಹೆಸರು ಇಲ್ಲಿಯವರ ಬಾಯಲ್ಲಿ ‘ಯಲಯಾ’ ಆಯಿತು. ಮೊದಲ ತಿಂಗಳು ತಿದ್ದಿದೆ, ಆಮೇಲೆ ಕರೆದರೆ ಸಾಕು ಎಂದು ಬಿಟ್ಟೆ. ನನ್ನ ಮೇಲಧಿಕಾರಿ ಗುನ್ನೆಲ್ ಎಂಬ ಹೆಂಗಸು, ಆರಡಿ ಎತ್ತರ, ಪಿಸುಮಾತಿನಷ್ಟು ಸಣ್ಣ ದನಿ. ಅವಳು ಕೂಗಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು ಅನ್ನಿಸುವಷ್ಟು ಸಣ್ಣಗೆ ಬೈಯುತ್ತಿದ್ದಳು.

ಆಗ ಪ್ರೋಗ್ರಾಂ ಇರಲಿಲ್ಲ. ಒಂದೇ ಕಟ್ಟು ಕಾಗದವನ್ನು ಇಬ್ಬರಿಗೆ ಕೊಡುತ್ತಿದ್ದರು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡುವಂತಿರಲಿಲ್ಲ. ವಾರಕ್ಕೊಮ್ಮೆ ಫಿಕಾ ಹೊತ್ತಿನಲ್ಲಿ, ಅಂದರೆ ಕಾಫಿ ಬನ್ನಿನ ವಿರಾಮದಲ್ಲಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡುವುದು. ಹೊಂದಿಕೆಯಾಗದ ಒಂದೊಂದು ಹೆಸರಿಗೂ ವಾದ. ಕಾಫಿ ಆರಿಹೋಗುತ್ತಿತ್ತು. ಸ್ವೀಡನ್ನಿನವರು ಜಗಳವಾಡುವುದಿಲ್ಲ ಎನ್ನುವವರು ನಮ್ಮ ಫಿಕಾ ಕೋಣೆಗೆ ಬರಬೇಕಿತ್ತು.

ಅಲ್ಲಿ ನಾನು ಮೊದಲ ಸಲ ಮಾನ ಕಳೆದುಕೊಂಡದ್ದು ಯೋಹಾನ್ ಎಂಬವನ ವಿಷಯದಲ್ಲಿ. ಪಾದ್ರಿಯ ಪುಸ್ತಕದ ಯೋಹಾನನ ಹೆಸರು, ತಂದೆಯ ಹೆಸರು, ಹಳ್ಳಿ ಎಲ್ಲವೂ ಕ್ಲಾಂಡೈಕಿನ ಒಬ್ಬ ಯೋಹಾನನಿಗೆ ಕೂಡಿದವು. ವಯಸ್ಸು ಮಾತ್ರ ಎರಡು ವರ್ಷ ಹೆಚ್ಚು. ನಾನು ಹೆಮ್ಮೆಯಿಂದ ಜೋಡಿಸಿ ಒಪ್ಪಿಸಿದೆ. ಗುನ್ನೆಲ್ ಪುಸ್ತಕದ ಅದೇ ಪುಟದ ಅಂಚಿಗೆ ಬೆರಳಿಟ್ಟಳು. ಅಲ್ಲಿ ಒಂದು ಪುಟ್ಟ ಶಿಲುಬೆಯ ಗುರುತು.

“ಯಲಯಾ, ಈ ಮಗು ಹನ್ನೊಂದು ತಿಂಗಳಿಗೆ ತೀರಿಕೊಂಡಿದೆ,” ಎಂದಳು ಮೆಲ್ಲಗೆ. “ನೀನು ಅದಕ್ಕೆ ಸಲಿಕೆ ಕೊಟ್ಟು ಚಿನ್ನ ಅಗೆಯಲು ಕಳಿಸಿದ್ದೀಯ.”

ಇಲ್ಲಿ ಹಾಗೊಂದು ಪದ್ಧತಿಯಿತ್ತು. ಒಂದು ಮಗು ಸತ್ತರೆ ಅದರ ಹೆಸರನ್ನೇ ಮುಂದೆ ಹುಟ್ಟಿದ ಮಗುವಿಗೆ ಇಡುತ್ತಿದ್ದರು. ಗಣಿಗೆ ಹೋದದ್ದು ತಮ್ಮ, ಎರಡನೇ ಯೋಹಾನ್. ಆವತ್ತಿನಿಂದ ಒಂದು ಹೆಸರು ಕಂಡರೆ ಅದರ ಹಿಂದೆ ಮುಂದೆ ನಾಲ್ಕು ಸಾಲು ಓದದೆ ಕೈಯಿಡುವುದಿಲ್ಲ ಎಂದು ತೀರ್ಮಾನಿಸಿದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಅದನ್ನು ಸ್ವೀಡಿಷ್‌ನಲ್ಲಿ ಅವಳಿಗೆ ಹೇಳಿದೆ. ಅವಳು ಅದನ್ನು ಬರೆದು ಕಾಫಿ ಮೆಷಿನ್ನಿನ ಮೇಲೆ ಅಂಟಿಸಿದಳು. ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಹತ್ತು ವರ್ಷ ಕಳೆಯುವುದರೊಳಗೆ ಪ್ರೋಗ್ರಾಂ ಬಂತು. ಇಬ್ಬರು ಒಂದು ವಾರ ಮಾಡುತ್ತಿದ್ದುದನ್ನು ಅದು ಒಂದು ಲೋಟ ಕಾಫಿ ಮುಗಿಯುವುದರಲ್ಲಿ ಮಾಡಿತು. ಹೆಸರು, ಊರು, ವಯಸ್ಸು ನೋಡಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು. ಆ ಕಾಲದ ಜನ ತಮ್ಮ ವಯಸ್ಸನ್ನು ಅಂದಾಜಿನಲ್ಲಿ ಹೇಳುತ್ತಿದ್ದರು ಎಂದು ಮೂರು ವರ್ಷದ ರಿಯಾಯಿತಿ ಕೊಟ್ಟಿದ್ದೆವು. ಹಾಳೆಯಲ್ಲಿ ಏನಾದರೂ ಅಳಿಸಿಹೋಗಿದ್ದರೆ ಅದು ತಾನೇ ಊಹಿಸಿ ತುಂಬಿ, ಪಕ್ಕದಲ್ಲಿ ‘ಊಹೆ’ ಎಂಬ ಗುರುತು ಹಾಕುತ್ತಿತ್ತು. ಹೆಂಗಸರನ್ನು ಮಾತ್ರ ಹುಡುಕುತ್ತಲೇ ಇರಲಿಲ್ಲ. ಮದುವೆಯಾದರೆ, ಹಡಗು ಹತ್ತಿದರೆ ಅವರ ಹೆಸರು ಬದಲಾಗುತ್ತದೆ, ಕಷ್ಟ, ಬಿಟ್ಟುಬಿಡೋಣ ಎಂದು ಎಲ್ಲರೂ ಒಪ್ಪಿದ್ದೆವು. ನಾನೂ ಒಪ್ಪಿದ್ದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಸಾಲಿಗೆ ನಾನು ಸೇರಿದ್ದು ಹಾಗೆ.

ಇನ್ನು ನಿಲ್ಸ್‌ನ ಕತೆ.

ಉಮೆಯೊದಿಂದ ಬಸ್ಸಿನಲ್ಲಿ ಒಂದೂವರೆ ತಾಸು ದೂರದ ಒಂದು ಹಳ್ಳಿ. ಅಲ್ಲಿಯ ಹಳೆಯ ತೋಟದಮನೆಯೊಂದನ್ನು ಊರವರು ಮ್ಯೂಸಿಯಂ ಮಾಡಿಕೊಂಡಿದ್ದರು. ಚಿನ್ನ ಹುಡುಕಿ ಹೋದ ಊರಿನವರ ಬಗ್ಗೆ ಬೇಸಿಗೆ ಪ್ರದರ್ಶನ ಇಡುತ್ತೇವೆ, ಹನ್ನೆರಡು ಜನರ ಕತೆ ಬರೆದುಕೊಡಿ ಎಂದು ನಮ್ಮ ಕಚೇರಿಯನ್ನು ಕೇಳಿದರು. ನಾನೇ ಬರೆದೆ. ಪ್ರತಿ ಫಲಕಕ್ಕೆ ಅರವತ್ತು ಪದ ಮಾತ್ರ. ಅದರಲ್ಲೊಂದು ನಿಲ್ಸ್ ಪೆರ್ಸನ್‌ನದು. ಊರಿನಲ್ಲಿ ಬ್ರೀಟಾ ಎಂಬ ಹೆಂಡತಿ ಮತ್ತು ಮೂರು ಮಕ್ಕಳನ್ನು ಬಿಟ್ಟು ಹೋದವನು ಮರಳಲಿಲ್ಲ. ಕ್ಲಾಂಡೈಕಿನ ಗಣತಿಯಲ್ಲಿ ಅವನೊಂದಿಗೆ ಎರಡನೇ ಹೆಂಡತಿ ಮರಿಯಾ ಮತ್ತು ಐದು ವರ್ಷದ ಮಗಳು ಇದ್ದಾರೆ ಎಂದು ಬರೆದೆ.

ಸೆಪ್ಟೆಂಬರಿನಲ್ಲಿ ಒಬ್ಬ ಮುದುಕಿ ಕಚೇರಿಗೆ ಬಂದರು. ಎಂಬತ್ತನಾಲ್ಕು ವರ್ಷ, ಮೊಣಕಾಲಿನವರೆಗೆ ರಬ್ಬರ್ ಬೂಟು, ಹೆಸರು ಎಲ್ಸಾ. ಸ್ವೀಡಿಷ್‌ನಲ್ಲಿ ಎಲ್ಲರೂ ಎಲ್ಲರಿಗೂ ‘ನೀನು’. ಆದರೆ ಕನ್ನಡದಲ್ಲಿ ಬರೆಯುವಾಗ ಆ ವಯಸ್ಸಿನವರನ್ನು ಏಕವಚನದಲ್ಲಿ ಬರೆಯಲು ನನ್ನ ಕೈ ಒಪ್ಪುವುದಿಲ್ಲ. ಅವರು ನಿಲ್ಸ್‌ನ ಮೊಮ್ಮಗಳು. ಕೂತು, ಕೈಚೀಲ ಮಡಿಲಲ್ಲಿಟ್ಟುಕೊಂಡು, ತಕರಾರಿನ ದನಿಯೇ ಇಲ್ಲದೆ ವಿಷಯ ಹೇಳಿದರು.

ಅವರ ಅಜ್ಜಿ ಬ್ರೀಟಾ ಸಾಯುವ ಮುಂಚೆ ತನ್ನ ಸಮಾಧಿಕಲ್ಲಿನಲ್ಲಿ ಎಡಗಡೆ ಅರ್ಧ ಖಾಲಿ ಬಿಡಬೇಕೆಂದು ಹೇಳಿದ್ದಳಂತೆ. ಅದು ಗಂಡನ ಜಾಗ. ಎರಡು ತಲೆಮಾರು ಯಾರೂ ಅದನ್ನು ತುಂಬಲಿಲ್ಲ. ತಾನು ಸಾಯುವುದರೊಳಗೆ ಅಜ್ಜನ ಹೆಸರು ಕೆತ್ತಿಸಬೇಕೆಂದು ಎಲ್ಸಾ ಹೊರಟಿದ್ದರು. ಆ ಸಮಾಧಿಯ ಹಕ್ಕು ಅವರಿಗೂ ಅವರ ತಮ್ಮ ಬೆರ್ಟಿಲ್‌ಗೂ ಸೇರಿತ್ತು; ಇಬ್ಬರೂ ಸಹಿ ಹಾಕಬೇಕು. ತಮ್ಮ ಒಪ್ಪಿಯೂ ಇದ್ದರು. ಅಷ್ಟರಲ್ಲಿ ನನ್ನ ಫಲಕ ಓದಿದರು.

“ಇನ್ನೊಬ್ಬಳ ಜೊತೆ ಸಂಸಾರ ಹೂಡಿದವನನ್ನು ಅಜ್ಜಿಯ ಪಕ್ಕ ತರುವುದಿಲ್ಲ ಅನ್ನುತ್ತಾನೆ ಬೆರ್ಟಿಲ್,” ಎಂದರು ಎಲ್ಸಾ. “ಅವನು ಹೇಳುವುದೂ ಸರಿಯೇ. ನಾನು ಕೇಳಲು ಬಂದದ್ದು ಒಂದೇ. ಅವಳು ಹೆಂಡತಿ ಅಂತ ನಿನಗೆ ಹೇಗೆ ಗೊತ್ತು?”

“ಗಣತಿಯಲ್ಲಿ ಇದೆ,” ಎಂದೆ.

“ನನಗೆ ತೋರಿಸುತ್ತೀಯಾ?”

ಮೂಲ ಹಾಳೆಯ ಚಿತ್ರ ತೆರೆದೆ. ನಿಲ್ಸ್‌ನ ಹೆಸರು, ಕೆಳಗೆ ಮರಿಯಾ, ಕೆಳಗೆ ಮಗು. ಯಜಮಾನನಿಗೆ ಏನಾಗಬೇಕು, ಮದುವೆಯಾಗಿದೆಯೇ ಎಂಬ ಎರಡು ಅಂಕಣಗಳ ಮೇಲೆ ಅಂಗೈಯಗಲ ನೀರಿನ ಕಲೆ. ಒಂದಕ್ಷರ ಕಾಣಿಸುವುದಿಲ್ಲ. ‘ಹೆಂಡತಿ’ ಎಂದು ತುಂಬಿದ್ದು ನಮ್ಮ ಪ್ರೋಗ್ರಾಂ. ಪಕ್ಕದಲ್ಲಿ ‘ಊಹೆ’ ಎಂದು ಪ್ರಾಮಾಣಿಕವಾಗಿ ಗುರುತನ್ನೂ ಹಾಕಿತ್ತು. ಅರವತ್ತು ಪದದೊಳಗೆ ಹಿಡಿಸಲು ಆ ಒಂದು ಪದ ತೆಗೆದುಹಾಕಿದವಳು ನಾನು.

ಎಲ್ಸಾ ಕನ್ನಡಕ ಏರಿಸಿ ಆ ಕಲೆಯನ್ನು ನೋಡಿದರು. ನನ್ನ ಕಿವಿ ಬಿಸಿಯಾಯಿತು.

ಗುನ್ನೆಲ್‌ಗೆ ಹೇಳಿದೆ. ಅವಳ ನಿವೃತ್ತಿಗೆ ಆಗ ಒಂದು ವರ್ಷ ಇತ್ತು. ಆ ಗುರುತನ್ನು ಏಕೆ ತೆಗೆದೆ ಎಂದು ಕೇಳಿದಳು. ಜಾಗ ಇರಲಿಲ್ಲ ಎಂದೆ. “ಬೇರೆ ಕೆಲಸವೆಲ್ಲ ಬಿಡು. ಇದನ್ನು ಮುಗಿಸು. ಮುಗಿದ ಮೇಲೆ ಇಮೇಲ್ ಬೇಡ, ನೀನೇ ಹೋಗು,” ಎಂದಳು.

ಮೊದಲು ಆ ಮಗುವನ್ನು ಹಿಡಿದೆ. ಕ್ಲಾಂಡೈಕ್ ಇರುವ ಆ ದೇಶದ ಗಣತಿಯಲ್ಲಿ ಹುಟ್ಟಿದ ದಿನ, ತಿಂಗಳು, ವರ್ಷ ಮೂರನ್ನೂ ಬರೆಯುತ್ತಿದ್ದರು. ಮಗು ಹುಟ್ಟಿದ್ದು ಅಮೆರಿಕದಲ್ಲಿ, ನಿಲ್ಸ್ ಊರು ಬಿಡುವುದಕ್ಕೆ ಒಂದೂವರೆ ವರ್ಷ ಮುಂಚೆ. ಮೂರು ವರ್ಷದ ರಿಯಾಯಿತಿಗೆ ಪಳಗಿದ ನನ್ನ ಕಣ್ಣಿಗೆ ಒಂದೂವರೆ ವರ್ಷ ದೊಡ್ಡದಾಗಿ ಕಂಡೇ ಇರಲಿಲ್ಲ. ಇಲ್ಲಿ ಪಾದ್ರಿ ವರ್ಷಕ್ಕೊಮ್ಮೆ ಹಳ್ಳಿಹಳ್ಳಿಗೆ ಹೋಗಿ ಎಲ್ಲರ ಓದು, ದೇವರ ಪಾಠ ಪರೀಕ್ಷಿಸಿ, ಬಂದವರ ಹೆಸರಿಗೆ ಗುರುತು ಹಾಕುತ್ತಿದ್ದ. ಆ ಮಗು ಹೊಟ್ಟೆಯಲ್ಲಿದ್ದ ವರ್ಷವೂ, ಹುಟ್ಟಿದ ವರ್ಷವೂ ನಿಲ್ಸ್ ತನ್ನ ಹಳ್ಳಿಯಲ್ಲಿ ಪಾದ್ರಿಯ ಮುಂದೆ ಬೆಂಚಿನ ಮೇಲೆ ಕೂತು ಪಾಠ ಒಪ್ಪಿಸುತ್ತಿದ್ದ. ಮಗು ಅವನದಾಗಲು ಸಾಧ್ಯವೇ ಇರಲಿಲ್ಲ.

ಹಾಗಾದರೆ ಈ ಮರಿಯಾ ಯಾರು? ಎರಡು ವಾರ ತಲೆ ಕೆರೆದುಕೊಂಡೆ. ಬೇರೆ ಗಣಿಗಾರನ ವಿಧವೆಯೋ, ಬಾಡಿಗೆಗೆ ಇದ್ದವಳೋ, ಅಡುಗೆಯವಳೋ? ಒಂದು ಮಧ್ಯಾಹ್ನ ಊಟದ ಡಬ್ಬಿ ತೆಗೆಯುವಾಗ ಇದ್ದಕ್ಕಿದ್ದಂತೆ ನನ್ನ ಅಜ್ಜಿಯ ದನಿ ಕೇಳಿದ ಹಾಗಾಯಿತು.

ನಮ್ಮದು ಅಳಿಯಸಂತಾನದ ಮನೆ. ವಂಶ ತಾಯಿಯ ಕಡೆಯಿಂದ ನಡೆಯುವುದು. ಮನೆಯ ಯಜಮಾನಿಕೆ ನನ್ನ ಸೋದರಮಾವನದು. ಅಲ್ಲಿ ಇದ್ದವರು ಅಜ್ಜಿ, ಮಾವ, ಅವನ ತಂಗಿಯಾದ ನನ್ನ ಅಮ್ಮ, ಮತ್ತು ನಾವು ಮಕ್ಕಳು. ಮಾವನ ಹೆಂಡತಿ ಅವಳ ತಾಯಿಮನೆಯಲ್ಲಿದ್ದಳು. ಮಾವ ಶನಿವಾರ ಅಲ್ಲಿಗೆ ಹೋಗಿ ಸೋಮವಾರ ಬರುತ್ತಿದ್ದ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಜನಗಣತಿಗೆ ಘಟ್ಟದ ಮೇಲಿನ ಮೇಷ್ಟ್ರೊಬ್ಬರು ಬಂದರು. ಮಾವನ ಹೆಸರು ಬರೆದರು, ಅಮ್ಮನ ಹೆಸರು ಬರೆದರು, ಯಾರನ್ನೂ ಕೇಳದೆ ಮುಂದೆ ‘ಹೆಂಡತಿ’ ಎಂದು ಬರೆದುಬಿಟ್ಟರು. ಬರೆದದ್ದನ್ನು ಓದಿ ಹೇಳಿ ಎಂದು ಅಜ್ಜಿ ಪಟ್ಟು ಹಿಡಿದಿದ್ದರಿಂದ ಗೊತ್ತಾಯಿತು. ಅಜ್ಜಿ ಎದ್ದು ನಿಂತ ರಭಸಕ್ಕೆ ಮೇಷ್ಟ್ರ ಮುಂದಿದ್ದ ಬೆಲ್ಲ ನೀರು ಚೆಲ್ಲಿತು.

“ಹ್ವಾಯ್ ಮಾಷ್ಟ್ರೆ, ಅದ್ ಅವ್ನ್ ತಂಗಿ! ಒಂದ್ ಮನಿಯಂಗೆ ಗಂಡ್ಸ್ ಹೆಂಗ್ಸ್ ಇದ್ರೆ ಗಂಡ ಹೆಂಡ್ತಿಯೇ ಆಯ್ಕಾ? ಗಂಡ್ಸಿನ್ ಗುರ್ತ್ ಬೇಕಾರೆ ಅವ್ನ್ ಅಬ್ಬಿ ಮನಿ ಯಾವ್ದ್ ಅಂದ್ ಮೊದ್ಲ್ ಕೇಣಿ!”

ಅಬ್ಬಿ ಎಂದರೆ ತಾಯಿ. ಮೇಷ್ಟ್ರು ಹೊಡೆದುಹಾಕಿ ತಿದ್ದಿದರು. ಆ ಮನೆಯಲ್ಲಿ ಬೆಳೆದ ನಾನು, ಒಂದು ಗಂಡಸು, ಒಂದು ಹೆಂಗಸು, ಒಂದು ಮಗು ಕಂಡ ಕೂಡಲೇ ಆ ಮೇಷ್ಟ್ರು ಬರೆದದ್ದನ್ನೇ ಬರೆದಿದ್ದೆ. ಗುನ್ನೆಲ್ ಮಾಡಿದ್ದರೆ ಗೊತ್ತಿಲ್ಲದೆ ಆದದ್ದು ಎನ್ನಬಹುದಿತ್ತು. ನನಗೆ ಆ ನೆಪವೂ ಇರಲಿಲ್ಲ. ಡಬ್ಬಿ ಮುಚ್ಚಿಟ್ಟು ಎದ್ದೆ.

ಮದುವೆಯಾದವನಿಗೆ ಪಾದ್ರಿಯ ಪುಸ್ತಕದಲ್ಲಿ ಹೊಸ ಪುಟ. ನಾನು ಅಲ್ಲಿಯವರೆಗೆ ನೋಡಿದ್ದು ನಿಲ್ಸ್‌ನ ಆ ಪುಟ ಮತ್ತು ಅದರಿಂದ ಮುಂದಿನದು ಮಾತ್ರ. ಈಗ ಹಿಂದೆ ತಿರುಗಿಸಿ ಅವನ ತಾಯಿಯ ಮನೆಯ ಪುಟಕ್ಕೆ ಹೋದೆ. ತಾಯಿ, ಐದು ಮಕ್ಕಳು. ಮೂರನೆಯವನು ನಿಲ್ಸ್, ಕೊನೆಯವಳು ಮರಿಯಾ. ಅವಳು ಹುಟ್ಟಿದ ದಿನ, ತಿಂಗಳು, ವರ್ಷ ಗಣತಿಯ ಮರಿಯಾಳದ್ದೇ. ಮೂರಕ್ಕೆ ಮೂರೂ. ಅಣ್ಣನಿಗಿಂತ ಮೊದಲೇ ಗಂಡನ ಜೊತೆ ಅಮೆರಿಕಕ್ಕೆ ಹೊರಟವಳು. ಅಲ್ಲಿನ ಒಂದು ಬಂದರು ಊರಿನ ಸ್ವೀಡಿಷ್ ಚರ್ಚಿನಲ್ಲಿ ಅವಳ ಗಂಡನನ್ನು ಮಣ್ಣು ಮಾಡಿದ ದಾಖಲೆಯೂ ಸಿಕ್ಕಿತು. ಅದಾದ ಮೂರು ತಿಂಗಳಿಗೆ ನಿಲ್ಸ್ ಊರು ಬಿಟ್ಟಿದ್ದ.

ಆಫೀಸಿನಲ್ಲಿ ನಾನು ಅತ್ತದ್ದು ಅದೊಂದೇ ಸಲ. ಗುನ್ನೆಲ್ ನೋಡಿ ಕರವಸ್ತ್ರ ಕೊಡಲಿಲ್ಲ. ಪೆನ್ನು ಕೊಟ್ಟಳು, ಮರೆಯುವ ಮುಂಚೆ ಬರೆದಿಡು ಎಂದು.

ಬೆರ್ಟಿಲ್‌ರ ಮನೆಗೆ ಹೋದದ್ದು ನವೆಂಬರ್ ಕೊನೆಯಲ್ಲಿ. ಮೊದಲ ಹಿಮ ಬಿದ್ದಿತ್ತು. ಎಲ್ಸಾ ನನಗಿಂತ ಮೊದಲೇ ಹಿಮದ ಮೇಲೆ ಜಾರುಗುರ್ಚಿ ತಳ್ಳಿಕೊಂಡು ಬಂದು ಅಡುಗೆಮನೆಯಲ್ಲಿ ಕೂತಿದ್ದರು. ಬೆರ್ಟಿಲ್ ಮರಗೆಲಸದ ಮನುಷ್ಯ, ಎಂಬತ್ತರ ಹತ್ತಿರ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಕಾಫಿ ಬಗ್ಗಿಸಿಕೊಟ್ಟರು. ಮೇಜಿನ ನಡುವೆ ಸಮಾಧಿಕಲ್ಲಿನ ಅರ್ಜಿ ಇತ್ತು. ಎಲ್ಸಾ ಸಹಿ ಹಾಕಿದ್ದರು, ಕೆಳಗಿನ ಗೆರೆ ಖಾಲಿ.

ನಾನು ಮೊದಲು ನನ್ನ ತಪ್ಪು ಹೇಳಿದೆ, ನೀರಿನ ಕಲೆಯನ್ನೂ ತೋರಿಸಿದೆ. ಆಮೇಲೆ ಒಂದೊಂದೇ ಕಾಗದ ಇಟ್ಟೆ. ಬೆರ್ಟಿಲ್ ಎಲ್ಲವನ್ನೂ ಓದಿದರು, ಪಾದ್ರಿಯ ಗುರುತುಗಳನ್ನು ಬೆರಳಿಟ್ಟು ಎಣಿಸಿದರು.

“ಹೋದ ಬೇಸಿಗೆಯಲ್ಲಿ ನೀವು ಕಚೇರಿಯವರು ಹೆಂಡತಿ ಅಂದಿರಿ. ಈಗ ತಂಗಿ ಅನ್ನುತ್ತೀರಿ,” ಎಂದರು. “ಬರುವ ಬೇಸಿಗೆಯಲ್ಲಿ ಏನನ್ನುತ್ತೀರಿ?”

ನಾನು ತಾಯಿಮನೆಯ ಪುಟವನ್ನು ಮತ್ತೆ ಅವರತ್ತ ಸರಿಸಿದೆ.

“ತಂಗಿಗೋಸ್ಕರವೇ ಹೋದನೋ ಅಜ್ಜ?” ಎಂದು ಎಲ್ಸಾ ಕೇಳಿದರು. ಹೌದು ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. “ಪುಸ್ತಕದಲ್ಲಿ ಇಲ್ಲ,” ಎಂದೆ. “ಮೂರು ತಿಂಗಳ ಅಂತರ ಮಾತ್ರ ನನಗೆ ಗೊತ್ತು. ಬ್ರೀಟಾಗೆ ಯಾಕೆ ಕಾಗದ ಬರೆಯಲಿಲ್ಲ ಎಂಬುದೂ ಗೊತ್ತಿಲ್ಲ.”

“ಹೋಗಲಿ, ಸತ್ತ ವರ್ಷ ಹೇಳು,” ಎಂದರು ಎಲ್ಸಾ. “ಕಲ್ಲು ಕೆತ್ತುವವನು ಎರಡು ವರ್ಷ ಕೇಳುತ್ತಾನೆ, ಹುಟ್ಟಿದ್ದು, ಸತ್ತದ್ದು.”

ಅದು ನನ್ನ ಚೀಲದಲ್ಲಿತ್ತು. ಅಲ್ಲಿನ ಕರಾವಳಿಯ ಒಂದು ಆಸ್ಪತ್ರೆಯಲ್ಲಿ ಕೆಲವು ವರ್ಷದ ಮೇಲೆ ತೀರಿಕೊಂಡ ಒಬ್ಬ ನಿಲ್ಸ್ ಪೆರ್ಸನ್, ಸ್ವೀಡನ್ನಿನವನು, ವಯಸ್ಸು ಸರಿಹೊಂದುತ್ತದೆ. ಹುಟ್ಟಿದ ದಿನ ಇಲ್ಲ, ಹಳ್ಳಿ ಇಲ್ಲ. ಅವನೇ ಇವನು ಎಂದು ನನ್ನ ಮನಸ್ಸು ಪೂರ್ತಿ ನಂಬಿತ್ತು. ಆ ಕಾಗದ ಮೇಜಿನ ಮೇಲಿಟ್ಟರೆ ಕಲ್ಲು ತುಂಬುತ್ತದೆ, ಎಲ್ಸಾ ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ, ನನ್ನ ತಪ್ಪೂ ತೊಳೆದುಹೋಗುತ್ತದೆ. ಕಾಗದ ತೆಗೆದು ಇಟ್ಟೆ. ಜೊತೆಗೆ ಹೇಳಿದೆ: “ಒಬ್ಬ ಇದ್ದಾನೆ. ಇವನೇ ಇರಬಹುದು. ಇವನೇ ಎಂದು ನಾನು ಹೇಳಲಾರೆ.”

“ನೂರಕ್ಕೆ ಎಷ್ಟು?” ಎಂದರು ಎಲ್ಸಾ.

“ಎಂಬತ್ತು.”

“ನನ್ನ ವಯಸ್ಸಿಗೆ ಎಂಬತ್ತು ಸಾಕು.”

“ಕಲ್ಲಿಗೆ ಸಾಲದು, ಎಲ್ಸಾ,” ಎಂದೆ.

ಎಲ್ಸಾ ಮುಖ ತಿರುಗಿಸಿಕೊಂಡರು. ಕೆಲಸ ಕೆಟ್ಟಿತು ಎಂದುಕೊಂಡೆ. ಉತ್ತರದ ಈ ಕಡೆಯ ಹಳಬರು ಹೌದು ಎನ್ನಲು ಬಾಯಿ ತೆರೆಯುವುದಿಲ್ಲ. ತುಟಿ ಚೂಪಾಗಿಸಿ ಒಮ್ಮೆ ಗಾಳಿಯನ್ನು ಸುಯ್ ಎಂದು ಒಳಗೆಳೆಯುತ್ತಾರೆ, ಅಷ್ಟೇ. ಬೆರ್ಟಿಲ್ ಹಾಗೆ ಗಾಳಿ ಒಳಗೆಳೆದರು. ಅರ್ಜಿ ಎಳೆದುಕೊಂಡು ಖಾಲಿ ಗೆರೆಯಲ್ಲಿ ಸಹಿ ಹಾಕಿದರು.

“ಗೊತ್ತಿಲ್ಲ ಅಂತ ಹೇಳುವವರು ತಂಗಿ ಅಂದರೆ ತಂಗಿಯೇ ಇರಬೇಕು,” ಎಂದರು.

ಹಳೆಯ ಫಲಕದ ಜಾಗದಲ್ಲೇ, ಅದರಷ್ಟೇ ದೊಡ್ಡ ತಿದ್ದುಪಡಿಯ ಫಲಕ ನನ್ನ ಹೆಸರಿನಲ್ಲಿ ಬಂತು. ಗುನ್ನೆಲ್ ಹೋಗುವ ಮುಂಚೆ ನಮ್ಮ ಕೈಪಿಡಿಗೆ ಎರಡು ಸಾಲು ಸೇರಿಸಿದಳು. ಒಂದೇ ಮನೆಯ ಗಂಡು ಹೆಣ್ಣನ್ನು ದಂಪತಿ ಎಂದು ಬರೆಯುವ ಮುಂಚೆ ಇಬ್ಬರ ತಾಯಿಮನೆಯ ಪುಟವನ್ನೂ ನೋಡತಕ್ಕದ್ದು, ಹೆಂಗಸರನ್ನು ಬಿಡತಕ್ಕದ್ದಲ್ಲ. ಕಚೇರಿಯಲ್ಲಿ ಅದಕ್ಕೆ ‘ಯಲಯಾ ನಿಯಮ’ ಎನ್ನುತ್ತಾರೆ. ಕಳೆದುಹೋದರು ಎಂದು ಕೈಬಿಟ್ಟಿದ್ದ ಎಷ್ಟೋ ಹೆಂಗಸರು ಆ ನಿಯಮದಿಂದ ಸಿಕ್ಕಿದ್ದಾರೆ. ಅಕ್ಷರ ಬಾರದ ನನ್ನ ಅಜ್ಜಿಯ ಮಾತು ಸ್ವೀಡನ್ನಿನ ಕಂಪ್ಯೂಟರಿನಲ್ಲಿ ಓಡುತ್ತಿದೆ ಎಂದು ನಾನು ಯಾರ ಮುಂದೆ ಬೇಕಾದರೂ ಎದೆಯುಬ್ಬಿಸಿ ಹೇಳುತ್ತೇನೆ.

ಮರುವರ್ಷ ಕಲ್ಲಿನ ಎಡಗಡೆ ನಿಲ್ಸ್‌ನ ಹೆಸರು ಬಂತು. ಹುಟ್ಟಿದ ವರ್ಷ, ಒಂದು ಗೀಟು, ಅದರ ಮುಂದೆ ಏನೂ ಇಲ್ಲ. ಎಲ್ಸಾ ಅದನ್ನು ನೋಡಿಯೇ ಹೋದರು. ಬೆರ್ಟಿಲ್ ಇನ್ನೂ ಇದ್ದಾರೆ.

ಆ ಆಸ್ಪತ್ರೆಯ ನಿಲ್ಸ್ ನಮ್ಮ ಕಡತದಲ್ಲಿ ಹಾಗೇ ಇದ್ದಾನೆ, ಅಶ್ವಿನಿ. ನಿನ್ನ ಸ್ಕ್ರಿಪ್ಟ್ ಅವನಿಗೆ ತೊಂಬತ್ತೈದು ಕೊಟ್ಟೀತು. ಕೊಡಲಿ. ಅವನನ್ನು ಜೋಡಿಸಲು ಕೈ ಹೋದರೆ ಮೊದಲು ಬಸ್ಸು ಹಿಡಿದು ಬೆರ್ಟಿಲ್‌ರ ಅಡುಗೆಮನೆಗೆ ಹೋಗು, ಅವರ ಎದುರು ಕೂತು ಒಂದು ಲೋಟ ಕಾಫಿ ಕುಡಿ. ಇವನೇ ಹೌದಾ ಎಂದು ಅವರು ಕೇಳುತ್ತಾರೆ. ಅವರ ಮುಖ ನೋಡಿ ಹೌದು ಎನ್ನಲು ನಿನಗೆ ಧೈರ್ಯ ಬಂದರೆ, ಆಗ ಕಲ್ಲು ಕೆತ್ತುವವನಿಗೆ ಫೋನ್ ಮಾಡು.